ಕಂಪನಿಯೂ ಹಾಜರಿ ಹೇಳಬೇಕು

ನವೆಂಬರ್ ಬಂತೆಂದರೆ ಬ್ಯಾಂಕುಗಳ ಮುಂದೆ ಅಜ್ಜ-ಅಜ್ಜಿಯರ ಸಾಲು ಉದ್ದವಾಗುವುದನ್ನು ನೀವು ನೋಡಿರುತ್ತೀರಿ ಮಕ್ಕಳೇ. ಕೈಯಲ್ಲಿ ಪಾಸ್‌ಬುಕ್ಕು, ಆಧಾರ್ ಕಾರ್ಡು, ಜೇಬಿನಲ್ಲಿ ಕನ್ನಡಕದ ಡಬ್ಬಿ. ಅಲ್ಲಿ ಅವರು ಹೇಳಬೇಕಾದದ್ದು ಒಂದೇ ಮಾತು: "ನಾನಿನ್ನೂ ಇದ್ದೇನೆ." ಇದಕ್ಕೆ ಜೀವಿತ ಪ್ರಮಾಣಪತ್ರ ಎನ್ನುತ್ತಾರೆ. 2014ರಿಂದ ಬೆರಳಚ್ಚು ಒತ್ತಿ ಕೊಡುವ ಸೌಕರ್ಯ ಬಂತು, ಈಚೆಗೆ ಮೊಬೈಲಿಗೆ ಮುಖ ತೋರಿಸಿದರೂ ಆಗುತ್ತದೆ. ಕೊಡದೇ ಇದ್ದರೆ ಪಿಂಚಣಿ ನಿಂತುಹೋಗುತ್ತದೆ. ಮನುಷ್ಯ ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರೂ ಕಾಗದದ ಲೆಕ್ಕದಲ್ಲಿ ಇಲ್ಲ!

ಮನುಷ್ಯರಿಗೆ ಮಾತ್ರವಲ್ಲ, ಕಂಪನಿಗಳಿಗೂ ಇಂಥದ್ದೊಂದು ಹಾಜರಿ ಇದೆ. ಅದೂ ದೊಡ್ಡ ದೊಡ್ಡ ಕಂಪನಿಗಳಿಗಷ್ಟೇ ಅಲ್ಲ, ಮನೆಯ ಒಂದು ಕೋಣೆಯಲ್ಲಿ ನಡೆಯುವ ಪುಟ್ಟ ಕಂಪನಿಗೂ ಇದೆ. ನನಗೆ ಇದು ಗೊತ್ತಾದದ್ದು ಅಮೆರಿಕದಲ್ಲಿ. ಸಂಕ್ರಾಂತಿ ಮುಗಿಸಿಕೊಂಡು ನಾನೂ ನಮ್ಮ ಮನೆಯವಳೂ ಫ್ಲೋರಿಡಾ ರಾಜ್ಯದ ಟ್ಯಾಂಪಾ ಊರಿಗೆ, ಮಗಳ ಮನೆಗೆ ಹೋಗಿದ್ದೆವು. ಅಲ್ಲಿ ಹಿಮ ಬೀಳುವುದಿಲ್ಲ, ಚಳಿಗಾಲದಲ್ಲೂ ನಮ್ಮ ತುಮಕೂರಿನ ಬೆಳಗಿನ ಹಾಗಿರುತ್ತದೆ. ಮಗಳು ಮನೆಯ ಪಕ್ಕದ ಕೋಣೆಯಲ್ಲಿ ಹೊಲಿಗೆ ಕೆಲಸ ನಡೆಸುತ್ತಾಳೆ. ಸೀರೆಗೆ ಫಾಲ್ ಹಚ್ಚುವುದು, ಕುಚ್ಚು ಕಟ್ಟುವುದು, ಬ್ಲೌಸು ಹೊಲಿಯುವುದು. ಮದುವೆ ಸೀಸನ್ ಬಂದರೆ ಊಟಕ್ಕೂ ಬಿಡುವಿಲ್ಲ.

ಹಿಂದಿನ ಅಕ್ಟೋಬರಿನಲ್ಲಿ ಅವಳು ಆ ಕೆಲಸಕ್ಕೆ ಒಂದು ಕಂಪನಿ ಮಾಡಿಕೊಂಡಿದ್ದಳು. ಎಲ್‌ಎಲ್‌ಸಿ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಸೀಮಿತ ಹೊಣೆಗಾರಿಕೆಯ ಕಂಪನಿ. ಈ ಬಗೆಯ ಕಂಪನಿಗೆ ಅಮೆರಿಕದಲ್ಲಿ ಮೊದಲು ಕಾನೂನು ಮಾಡಿದ್ದು ವಯೋಮಿಂಗ್ ರಾಜ್ಯ, 1977ರಲ್ಲಿ. ಆಮೇಲೆ ಉಳಿದ ರಾಜ್ಯಗಳೂ ಒಂದೊಂದಾಗಿ ಮಾಡಿಕೊಂಡವು. ಫ್ಲೋರಿಡಾದಲ್ಲಿ ನೋಂದಣಿಗೆ 125 ಡಾಲರ್. ಅರ್ಜಿ ತುಂಬಿ ಹಣ ಕಟ್ಟಿದರೆ ಕಂಪನಿ ಹುಟ್ಟಿತು.

ಸೀಮಿತ ಹೊಣೆಗಾರಿಕೆ ಅಂದರೇನು? ಎರಡು ಹುಂಡಿ ಇವೆ ಎಂದುಕೊಳ್ಳಿ. ಒಂದು ಮನೆಯದು, ಅದರಲ್ಲಿ ಮೊಮ್ಮಗಳ ಓದಿನ ದುಡ್ಡು, ಮನೆಯ ಸಾಲದ ಕಂತು ಇದೆ. ಇನ್ನೊಂದು ಹೊಲಿಗೆ ಕಂಪನಿಯದು. ಕಂಪನಿ ಬಟ್ಟೆ ತರಿಸಿಕೊಂಡು ವ್ಯಾಪಾರ ನೆಲಕಚ್ಚಿತು ಅನ್ನೋಣ. ಬಟ್ಟೆ ಕೊಟ್ಟವರು ಕಂಪನಿಯ ಹುಂಡಿಗೆ ಕೈಹಾಕಬಹುದು, ಮನೆಯ ಹುಂಡಿಗೆ ಹಾಕುವಂತಿಲ್ಲ. ನಡುವೆ ಗೋಡೆ. ಆದರೆ ಆ ಗೋಡೆ ಕಲ್ಲಿನದಲ್ಲ ಎನ್ನುವುದನ್ನೂ ಹೇಳಬೇಕು. ಎರಡು ಹುಂಡಿಯ ದುಡ್ಡನ್ನು ಬೆರೆಸಿಬಿಟ್ಟರೆ, ಅಥವಾ "ಸಾಲಕ್ಕೆ ನಾನೇ ಜಾಮೀನು" ಎಂದು ಸ್ವಂತ ಹೆಸರಿನಲ್ಲಿ ಸಹಿ ಹಾಕಿದರೆ ಗೋಡೆ ಇದ್ದೂ ಇಲ್ಲದಂತೆ.

ಆ ಗೋಡೆಯನ್ನು ಕಟ್ಟಿಕೊಟ್ಟ ರಾಜ್ಯ ವರ್ಷಕ್ಕೊಮ್ಮೆ ಬಂದು ಬಾಗಿಲು ತಟ್ಟಿ ಕೇಳುತ್ತದೆ: ಇದ್ದೀರಾ? ಎಲ್ಲಿದ್ದೀರಿ? ಯಾರು ನಡೆಸುತ್ತಿದ್ದೀರಿ? ಇದಕ್ಕೆ ಕೊಡುವ ಉತ್ತರವೇ ವಾರ್ಷಿಕ ವರದಿ.

ವರದಿ ಎಂಬ ಹೆಸರು ಕೇಳಿ ನಾನು ದಪ್ಪದೊಂದು ಪುಸ್ತಕವನ್ನೇ ಊಹಿಸಿಕೊಂಡಿದ್ದೆ. ಲಾಭ-ನಷ್ಟ, ಆಡಿಟು, ಸೀಲು, ಸಹಿ. ಮಗಳು ಕಂಪ್ಯೂಟರಿನಲ್ಲಿ ತೆಗೆದು ತೋರಿಸಿದಾಗ ನಗು ಬಂತು. ಕಂಪನಿಯ ಹೆಸರು, ಅದರ ದಾಖಲೆ ಸಂಖ್ಯೆ, ಕೆಲಸ ನಡೆಯುವ ವಿಳಾಸ, ಟಪಾಲಿನ ವಿಳಾಸ, ತೆರಿಗೆಯವರು ಕೊಟ್ಟ ಸಂಖ್ಯೆ, ನಡೆಸುವವರ ಹೆಸರು. ಎಷ್ಟು ಸಂಪಾದಿಸಿದೆ ಎಂದು ಒಂದು ಕಡೆಯೂ ಕೇಳಿಲ್ಲ! ಅದನ್ನು ಕೇಳುವವರು ತೆರಿಗೆಯವರು, ಅದು ಬೇರೆ ಕಚೇರಿ, ಬೇರೆ ಗಡುವು. ಆ ತೆರಿಗೆ ಕಟ್ಟಿದ ಮಾತ್ರಕ್ಕೆ ಈ ಹಾಜರಿ ಆಯಿತೆಂದಲ್ಲ. ಅಲ್ಲಿನವರೇ ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡು ಕೂತಿರುತ್ತಾರಂತೆ.

ಆ ಫಾರಮಿನಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಾಲು. ಅಲ್ಲಿ 'ರಿಜಿಸ್ಟರ್ಡ್ ಏಜೆಂಟ್' ಎಂಬವರ ಹೆಸರು, ವಿಳಾಸ ಕೊಡಬೇಕು. ಹೆಸರು ಕೇಳಿ ಯಾರೋ ದಲ್ಲಾಳಿ ಎಂದುಕೊಳ್ಳಬೇಡಿ. ಕಂಪನಿಯ ಮೇಲೆ ಯಾರಾದರೂ ಕೋರ್ಟಿಗೆ ಹೋದರೆ ಆ ನೋಟಿಸನ್ನು ಕೈಯಲ್ಲಿ ತೆಗೆದುಕೊಳ್ಳುವವರು ಇವರು. ನಮ್ಮ ಕಡೆ ಕೋರ್ಟಿನ ಅಮೀನ ಸಮನ್ಸ್ ಹಿಡಿದುಕೊಂಡು ಮನೆ ಹುಡುಕಿಕೊಂಡು ಬರುತ್ತಿದ್ದುದು ನಿಮ್ಮ ಅಜ್ಜಂದಿರಿಗೆ ನೆನಪಿರಬಹುದು. ಕಂಪನಿಗೆ ಕೈಯೂ ಇಲ್ಲ, ಬಾಗಿಲು ತೆರೆಯಲು ಕಾಲೂ ಇಲ್ಲ. ಆದ್ದರಿಂದ ಆ ರಾಜ್ಯದೊಳಗೇ ಇರುವ ಒಬ್ಬರ ಹೆಸರು ಬೇಕು. ಅಂಚೆ ಪೆಟ್ಟಿಗೆಯ ನಂಬರು ಕೊಟ್ಟರೆ ಆಗದು, ಬೀದಿ, ಮನೆ ನಂಬರು ಇರುವ ವಿಳಾಸವೇ ಆಗಬೇಕು. ಮನೆ ಬದಲಾಯಿಸಿ ಈ ಸಾಲನ್ನು ಹಳೆಯದೇ ಬಿಟ್ಟರೆ ಏನಾಗುತ್ತದೆ? ನೋಟಿಸು ಹಳೆಯ ಬಾಗಿಲಿಗೆ ಹೋಗುತ್ತದೆ. ನೀವು ಕೋರ್ಟಿಗೆ ಹೋಗುವುದಿಲ್ಲ, ಏಕೆಂದರೆ ನಿಮಗೆ ಗೊತ್ತೇ ಇಲ್ಲ. ನೀವಿಲ್ಲದೆಯೇ ತೀರ್ಪು ಆಗಿಬಿಡಬಹುದು. ಮೂವತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ ಟಪಾಲು ಒಡೆದ ನನಗೆ, ತಪ್ಪು ವಿಳಾಸ ಎಷ್ಟು ಸಂಸಾರಗಳನ್ನು ಅಲೆಸುತ್ತದೆ ಎಂಬುದು ಚೆನ್ನಾಗಿ ಗೊತ್ತು.

ಇನ್ನು ಗಡುವಿನ ಮಾತು. ಫ್ಲೋರಿಡಾದಲ್ಲಿ ಕಂಪನಿ ಹುಟ್ಟಿದ ಮರುವರ್ಷದಿಂದ ಶುರು, ಪ್ರತಿ ವರ್ಷ ಜನವರಿ 1ರಿಂದ ಮೇ 1ರೊಳಗೆ. ಮಗಳ ಕಂಪನಿಗೆ ಮೂರು ತಿಂಗಳೂ ತುಂಬಿರಲಿಲ್ಲ, ಆಗಲೇ ಹಾಜರಿಯ ಕಾಲ ಬಂದಿತ್ತು. ಶುಲ್ಕ 138 ಡಾಲರ್ 75 ಸೆಂಟ್. ಮೇ 1 ದಾಟಿದರೆ ಅದರ ಮೇಲೆ 400 ಡಾಲರ್ ದಂಡ. "ನೆನಪೋಲೆ ಬರಲಿಲ್ಲ, ಹುಷಾರಿರಲಿಲ್ಲ" ಎಂದರೆ ನಡೆಯದು. ದಂಡ ಮಾಫಿ ಮಾಡುವ ಅಧಿಕಾರವೇ ಆ ಕಚೇರಿಗಿಲ್ಲ. ಸೆಪ್ಟೆಂಬರಿನ ಮೂರನೆಯ ಶುಕ್ರವಾರದವರೆಗೂ ಕೊಡದಿದ್ದರೆ ನಾಲ್ಕನೆಯ ಶುಕ್ರವಾರ ಕಂಪನಿಯನ್ನು ವಿಸರ್ಜಿಸಿಬಿಡುತ್ತಾರೆ.

ಆರನೆಯ ತರಗತಿಯ ಮೊಮ್ಮಗಳು ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. "ತಾತ, ಹಾಗಂದ್ರೆ ಕಂಪನಿ ಸತ್ತುಹೋಗುತ್ತಾ?" ಎಂದಳು. ಸಾಯುವುದಲ್ಲ, ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಿದಂತೆ, ಮತ್ತೆ ಅರ್ಜಿ ಕೊಟ್ಟು ಬಾಕಿ ಕಟ್ಟಿ ಸೇರಿಕೊಳ್ಳಬಹುದು ಎಂದೆ. ಅವಳು ಅಷ್ಟಕ್ಕೇ ಬಿಡಲಿಲ್ಲ. ಅವಳ ಅಮ್ಮ ಒಂದು ಬ್ಲೌಸಿಗೆ 40 ಡಾಲರ್ ತೆಗೆದುಕೊಳ್ಳುತ್ತಾಳೆ. "ಹಾಗಾದರೆ ದಂಡ ಅಂದರೆ ಹತ್ತು ಬ್ಲೌಸು!" ಎಂದು ಲೆಕ್ಕ ಹೇಳಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೇ 1ರ ಸುತ್ತ ಕೆಂಪು ಗೆರೆ ಎಳೆದು ಹತ್ತು ಪುಟ್ಟ ಬ್ಲೌಸಿನ ಚಿತ್ರ ಬರೆದಳು.

ಬರೀ ದಂಡವಾದರೆ ಕಟ್ಟಿ ಕೈತೊಳೆದುಕೊಳ್ಳಬಹುದು. ಮಗಳ ಪರಿಚಯದ ಒಬ್ಬರು ಮನೆಗಳಿಗೆ ಬಣ್ಣ ಬಳಿಸುವ ಕಂಪನಿ ನಡೆಸುತ್ತಾರೆ. ನಾಲ್ಕು ಜನಕ್ಕೆ ಕೆಲಸ ಕೊಟ್ಟವರು, ಒಳ್ಳೆಯ ಮನುಷ್ಯರು. ಕಂಪನಿ ಶುರುಮಾಡುವಾಗ ಕೊಟ್ಟಿದ್ದ ಇ-ಮೇಲ್ ವಿಳಾಸವನ್ನು ಅವರು ಆಮೇಲೆ ತೆರೆದು ನೋಡುವುದನ್ನೇ ಬಿಟ್ಟಿದ್ದರು. ರಾಜ್ಯದ ನೆನಪೋಲೆ ಅಲ್ಲಿಗೇ ಹೋಗುತ್ತಿತ್ತು. ಮೇ ಹೋಯಿತು, ಸೆಪ್ಟೆಂಬರೂ ಹೋಯಿತು, ಇವರು ಏಣಿ ಹತ್ತಿ ಗೋಡೆಗೆ ಬಣ್ಣ ಬಳಿಸುತ್ತಲೇ ಇದ್ದರು. ಮರುವರ್ಷ ಒಂದು ದೊಡ್ಡ ಅಪಾರ್ಟ್‌ಮೆಂಟಿನವರು ಕೆಲಸ ಒಪ್ಪಿಸುವ ಮುಂಚೆ, ನಿಮ್ಮ ಕಂಪನಿ ಚಾಲ್ತಿಯಲ್ಲಿದೆ ಎಂಬುದಕ್ಕೆ ರಾಜ್ಯದಿಂದ ಪ್ರಮಾಣಪತ್ರ ತನ್ನಿ ಅಂದರು. ಐದೇ ಡಾಲರಿನ ಕಾಗದ. ಅದು ಸಿಗಲಿಲ್ಲ, ಏಕೆಂದರೆ ಪುಸ್ತಕದಲ್ಲಿ ಅವರ ಕಂಪನಿಯೇ ಇರಲಿಲ್ಲ. ಬಾಕಿ ಕಟ್ಟಿ ಮತ್ತೆ ಜೀವ ಕೊಡಿಸಿದರು, ನಿಜ. ಅಷ್ಟರಲ್ಲಿ ಕೆಲಸ ಬೇರೆಯವರ ಕೈಸೇರಿತ್ತು. ಆ ನಾಲ್ಕು ಜನರಲ್ಲಿ ಇಬ್ಬರು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದರು.

ಫೆಬ್ರುವರಿಯಲ್ಲಿ ಮಗಳ ಹೆಸರಿಗೆ ಒಂದು ಲಕೋಟೆ ಬಂತು. ಮೇಲೆ ಹದ್ದಿನ ಚಿತ್ರ, ಪಟ್ಟೆಪಟ್ಟೆ ಗೆರೆಗಳ ಬಾರ್‌ಕೋಡು, ದಪ್ಪ ಅಕ್ಷರದಲ್ಲಿ ವಾರ್ಷಿಕ ವರದಿಯ ಸೂಚನೆ. ಕಂಪನಿಯ ಹೆಸರು ಸರಿ, ದಾಖಲೆ ಸಂಖ್ಯೆ ಸರಿ, ಶುರುವಾದ ತಾರೀಖೂ ಸರಿ. ಹತ್ತು ದಿನದೊಳಗೆ 225 ಡಾಲರಿನ ಚೆಕ್ಕು ಕಳಿಸಿ ಎಂದಿತ್ತು. ಮಗಳು ಒಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ, "ಅಪ್ಪ, ಚೆಕ್ ಪುಸ್ತಕ ಆ ಡ್ರಾಯರಿನಲ್ಲಿದೆ, ತೆಗೆದಿಡಿ, ಸಂಜೆ ಬರೆದುಬಿಡ್ತೀನಿ" ಅಂದಳು.

ನಾನು ಪ್ರವಾಸಿ ವೀಸಾದ ಮೇಲೆ ಹೋದವನು, ಅಲ್ಲಿ ದುಡಿಯುವಂತಿಲ್ಲ. ಓದುವುದಕ್ಕೆ ಅಡ್ಡಿಯಿಲ್ಲವಲ್ಲ! ಕಚೇರಿಯಲ್ಲಿ ನಮ್ಮ ಶಿರಸ್ತೇದಾರರು ಕಲಿಸಿಕೊಟ್ಟ ಒಂದು ಪಾಠವಿದೆ. ಕಾಗದ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಎಷ್ಟು ಹಣ ಎಂದಲ್ಲ, ಯಾವ ಕಚೇರಿ, ಯಾರ ಸಹಿ, ಯಾವ ಕಡತದ ಸಂಖ್ಯೆ ಎಂದು. ಇದರಲ್ಲಿ ಅಧಿಕಾರಿಯ ಹೆಸರಿಲ್ಲ, ಹುದ್ದೆಯಿಲ್ಲ. ಚೆಕ್ಕು ಬರೆಯಬೇಕಾದದ್ದು ಫ್ಲೋರಿಡಾ ರಾಜ್ಯದ ಹೆಸರಿಗಲ್ಲ, ಯಾವುದೋ ಸೇವಾ ಸಂಸ್ಥೆಯ ಹೆಸರಿಗೆ. ಮೊಮ್ಮಗಳನ್ನು ಕರೆದು, ಕಣ್ಣು ಚುರುಕಾಗಿರುವವಳು ನೀನು, ಅಡಿಯಲ್ಲಿರುವ ಇರುವೆ ಸಾಲಿನಂಥ ಅಕ್ಷರ ಓದು ಎಂದೆ. ಅವಳು ಬೆರಳಿಟ್ಟು ಓದಿದಳು: ನಾವು ಸರ್ಕಾರಿ ಸಂಸ್ಥೆಯಲ್ಲ, ಇದು ಬಿಲ್ಲಲ್ಲ, ಹಣ ಕಟ್ಟಲೇಬೇಕೆಂಬ ಕಡ್ಡಾಯವಿಲ್ಲ.

ಮಗಳು ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಟ್ಟಳು.

ಇವರಿಗೆ ಇಷ್ಟೆಲ್ಲ ಹೇಗೆ ಗೊತ್ತಾಯಿತು? ಅಲ್ಲೇ ಇರುವುದು ಗುಟ್ಟು. ವಾರ್ಷಿಕ ವರದಿ ಸಾರ್ವಜನಿಕ ದಾಖಲೆ. 'ಸನ್‌ಬಿಜ್' ಎಂಬ ರಾಜ್ಯದ ಜಾಲತಾಣದಲ್ಲಿ ಯಾರು ಬೇಕಾದರೂ, ಬಿಡಿಗಾಸೂ ಕೊಡದೆ, ಯಾವ ಕಂಪನಿಯ ವಿವರವನ್ನಾದರೂ ನೋಡಬಹುದು. ಮೋಸ ಮಾಡುವವರೂ ನೋಡುತ್ತಾರೆ. ಹೊಸ ಕಂಪನಿಗಳ ಹೆಸರು ಹೆಕ್ಕಿ ಕಾಗದ ಕಳಿಸುತ್ತಾರೆ. ಇಂಥ ಕಾಗದಗಳ ಬಗ್ಗೆ ರಾಜ್ಯವೇ ಎಚ್ಚರಿಕೆ ಕೊಡುತ್ತಿರುತ್ತದೆ. ಕೆಲವರು ಹಣ ತೆಗೆದುಕೊಂಡು ವರದಿಯನ್ನು ನಿಜವಾಗಿ ಸಲ್ಲಿಸುತ್ತಾರೆ, ನೂರು ಡಾಲರ್ ಹೆಚ್ಚು ಕೊಟ್ಟಂತಾಯಿತು ಅಷ್ಟೆ. ಕೆಲವರು ಏನೂ ಮಾಡುವುದಿಲ್ಲ, ಆಗ ಕಟ್ಟಿದ ಹಣವೂ ಹೋಯಿತು, ಮೇ 1 ಕೂಡ ಹೋಯಿತು.

ಇನ್ನೊಂದು ಮಾತು. ವರದಿಯಲ್ಲಿ ಕೊಟ್ಟ ವಿಳಾಸವನ್ನು ಊರೆಲ್ಲ ನೋಡಬಹುದಾದ್ದರಿಂದ, ಮನೆಯಲ್ಲಿ ಮಕ್ಕಳಿರುವವರು ಕೆಲವರು ಸ್ವಲ್ಪ ದುಡ್ಡು ಕೊಟ್ಟು ಬೇರೆ ಕಚೇರಿಯವರನ್ನು ಏಜೆಂಟಾಗಿ ಇಟ್ಟುಕೊಳ್ಳುತ್ತಾರೆ. ಟಪಾಲಿಗೂ ಬೇರೆ ವಿಳಾಸ ಮಾಡಿಕೊಳ್ಳುತ್ತಾರೆ. ಇದು ದುಂದುವೆಚ್ಚ ಎಂದು ನನಗನ್ನಿಸುವುದಿಲ್ಲ.

ಈ ಹಾಜರಿ ದೇಶಕ್ಕೆಲ್ಲ ಒಂದೇ ಅಲ್ಲ. ಅಮೆರಿಕದಲ್ಲಿ ಇಂಥ ಕಂಪನಿ ಹುಟ್ಟುವುದು ದೇಶದ ಪುಸ್ತಕದಲ್ಲಲ್ಲ, ರಾಜ್ಯದ ಪುಸ್ತಕದಲ್ಲಿ. ಹಾಗಾಗಿ ರಾಜ್ಯಕ್ಕೊಂದು ಪದ್ಧತಿ. ನ್ಯೂಯಾರ್ಕಿನಲ್ಲಿ ಎರಡು ವರ್ಷಕ್ಕೊಮ್ಮೆ, ಬರೀ 9 ಡಾಲರ್. ಮ್ಯಾಸಚೂಸೆಟ್ಸ್‌ನಲ್ಲಿ ಪ್ರತಿ ವರ್ಷ 500. ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಹುಟ್ಟಿದ 90 ದಿನದೊಳಗೆ ಮೊದಲ ಸಲ, ಆಮೇಲೆ ಎರಡು ವರ್ಷಕ್ಕೊಮ್ಮೆ, 20 ಡಾಲರ್. ಅಗ್ಗವೆಂದು ಹಿಗ್ಗಬೇಡಿ, ಅಲ್ಲಿ ಮರೆತರೆ 250 ಡಾಲರ್ ದಂಡ, ಜೊತೆಗೆ ವರ್ಷಕ್ಕೆ ಕನಿಷ್ಠ 800 ಡಾಲರಿನ ತೆರಿಗೆ ಬೇರೆ. ಓಹಾಯೋದಲ್ಲಿ ಎಲ್‌ಎಲ್‌ಸಿಗೆ ಈ ವರದಿಯೇ ಇಲ್ಲ. ನನಗೆ ಕುತೂಹಲ ಎನ್ನಿಸಿದ್ದು ಪೆನ್ಸಿಲ್ವೇನಿಯಾ. ಅಲ್ಲಿ ಮೊದಲು ಹತ್ತು ವರ್ಷಕ್ಕೊಂದು ಸಲ ಕೇಳುತ್ತಿದ್ದರು. ಹತ್ತು ವರ್ಷ! ಅಷ್ಟರಲ್ಲಿ ಶಾಲೆಗೆ ಸೇರಿದ ಮಗು ಎಸ್‌ಎಸ್‌ಎಲ್‌ಸಿ ಮುಗಿಸಿರುತ್ತದೆ. ಯಾರಿಗೆ ನೆನಪಿದ್ದೀತು? 2025ರಿಂದ ಅಲ್ಲಿ ಪ್ರತಿ ವರ್ಷ ಎಂದು ಮಾಡಿದ್ದಾರೆ, 7 ಡಾಲರ್, ಎಲ್‌ಎಲ್‌ಸಿಗಳಿಗೆ ಸೆಪ್ಟೆಂಬರ್ 30 ಕೊನೆಯ ದಿನ. ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಅಲ್ಲಿ ಸಣ್ಣ ಕಂಪನಿ ನಡೆಸುತ್ತಿದ್ದರೆ, ಪಕ್ಕದ ರಾಜ್ಯದ ಗೆಳೆಯರ ಮಾತು ಕೇಳಿ ಗಡುವು ಗೊತ್ತುಮಾಡಿಕೊಳ್ಳಬಾರದು ಎಂದು ಹೇಳಿ.

ನಮ್ಮಲ್ಲೂ ಇದರ ಸೋದರಸಂಬಂಧಿಯೊಬ್ಬನಿದ್ದಾನೆ. ಎಲ್‌ಎಲ್‌ಪಿ ಎಂದು ಹೆಸರು, 2008ರ ಕಾನೂನು. ಇದು ರಾಜ್ಯ ಸರ್ಕಾರದ್ದಲ್ಲ, ಕೇಂದ್ರದ್ದು. ಪ್ರತಿ ವರ್ಷ ಮೇ 30ರೊಳಗೆ ನಮೂನೆ 11 ಎಂಬ ವಾರ್ಷಿಕ ವಿವರ ಕೊಡಬೇಕು, ಅಕ್ಟೋಬರ್ 30ರೊಳಗೆ ನಮೂನೆ 8ರಲ್ಲಿ ಹಣಕಾಸಿನ ಲೆಕ್ಕ ಕೊಡಬೇಕು. ನಮ್ಮವರು ಲೆಕ್ಕವನ್ನೂ ಕೇಳುತ್ತಾರೆ ನೋಡಿ! ಆ ವರ್ಷ ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಕೊಡಲೇಬೇಕು.

ಏಪ್ರಿಲ್ ಮೊದಲ ಭಾನುವಾರ ಮಗಳು ವರದಿ ಸಲ್ಲಿಸಿದಳು. ಮೊಮ್ಮಗಳು ಒಂದೊಂದು ಸಾಲನ್ನೂ ಜೋರಾಗಿ ಓದಿದಳು, ನಾನು ಹಳೆಯ ದಾಖಲೆಯ ಮೇಲೆ ಬೆರಳಾಡಿಸುತ್ತಾ "ಸರಿ, ಮುಂದೆ" ಎನ್ನುತ್ತಾ ಹೋದೆ. ಹೀಗೆ ಓದಿಸಿದ್ದಕ್ಕೆ ಕಾರಣವಿದೆ. ಒಮ್ಮೆ ಸಲ್ಲಿಸಿದ ಮೇಲೆ ತಪ್ಪು ಕಂಡರೆ ಅಳಿಸಿ ಬರೆಯಲು ಬರುವುದಿಲ್ಲ, ತಿದ್ದುಪಡಿ ವರದಿ ಎಂದು ಬೇರೆಯದನ್ನೇ ಕೊಡಬೇಕು, ಅದಕ್ಕೆ ಇನ್ನೊಂದು 50 ಡಾಲರ್. ಬೀದಿಯ ನಂಬರಿನಲ್ಲಿ ಎರಡು ಅಂಕಿ ಹಿಂದುಮುಂದಾಗಿದ್ದುದು ಮೊಮ್ಮಗಳ ಕಣ್ಣಿಗೆ ಬಿತ್ತು. ಕಂಪನಿಯ ಹೆಸರನ್ನು ಮಾತ್ರ ಈ ಫಾರಮಿನಲ್ಲಿ ಬದಲಾಯಿಸಲು ಬರುವುದಿಲ್ಲ, ಅದಕ್ಕೆ ಬೇರೆ ಅರ್ಜಿ. ಎಲ್ಲ ಸೇರಿ ಕಾಲು ಗಂಟೆ ಹಿಡಿಯಿತೋ ಇಲ್ಲವೋ. ಇ-ಮೇಲ್ ವಿಳಾಸದ ಸಾಲು ಬಂದಾಗ ಮಗಳು ದಿನವೂ ನೋಡುವ ವಿಳಾಸವನ್ನೇ ಬರೆದಳು.

ಅಂದಿನಿಂದ ಮೊಮ್ಮಗಳಿಗೆ ಸನ್‌ಬಿಜ್ ಒಂದು ಆಟವಾಯಿತು. ದಾರಿಯಲ್ಲಿ ಕಂಡ ಅಂಗಡಿಗಳ ಹೆಸರನ್ನೆಲ್ಲ ಹಾಕಿ ನೋಡುವುದು. ಯಾವ ಕಂಪನಿ ಯಾವ ವರ್ಷ ಹುಟ್ಟಿತು, ಯಾವ ವರ್ಷ ಎಂದು ಹಾಜರಿ ಹೇಳಿತು, ಎಲ್ಲವೂ ತಾರೀಖಿನ ಸಮೇತ ಅಲ್ಲಿದೆ. ಹೀಗೆ ನೋಡುತ್ತಿರುವಾಗ ಅವಳ ಶಾಲೆಯ ಹತ್ತಿರದ ಐಸ್‌ಕ್ರೀಮ್ ಅಂಗಡಿಯ ಪಟ್ಟಿ ಸಿಕ್ಕಿತು. ಹೋದ ವರ್ಷದವರೆಗೆ ಎಲ್ಲ ಇದೆ, ಈ ವರ್ಷದ್ದಿಲ್ಲ. ಆ ದಿನ ಏಪ್ರಿಲ್ 24.

ಮರುದಿನ ಸಂಜೆ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದಳು. ಅಂಗಡಿಯ ಯಜಮಾನರಿಗೆ ನನ್ನಷ್ಟೇ ವಯಸ್ಸು, ಒಬ್ಬರೇ ನಡೆಸುತ್ತಾರೆ. ಇವಳು ಹೇಳಿದ್ದನ್ನು ಕೇಳಿ ಮೊದಲು ನಕ್ಕರು, ಆಮೇಲೆ ಕನ್ನಡಕ ಹಾಕಿಕೊಂಡು ಫೋನು ನೋಡಿದರು. ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಲಕೋಟೆ ತೆಗೆದು, "ನಾನು ಫೆಬ್ರುವರಿಯಲ್ಲೇ ಹಣ ಕಳಿಸಿದ್ದೇನಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳುತ್ತಾ ತೋರಿಸಿದರು. ಮೇಲೆ ಅದೇ ಹದ್ದಿನ ಚಿತ್ರ. ಮೊಮ್ಮಗಳು ಅವರ ಪಕ್ಕಕ್ಕೆ ಹೋಗಿ ನಿಂತು, ಅಡಿಯ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟಳು.